ಮೆಹಂದಿ ರಾತ್ರಿಗೆ ಎಂಥ ಲ್ಯಾಪ್‌ಟಾಪ್?

ಪ್ರಶ್ನೆ: ಶಂಕರನಾರಾಯಣದ ಸುತ್ತಮುತ್ತ ಮದುವೆ, ಮೆಹಂದಿಗಳಿಗೆ ಡಿಜೆ ನುಡಿಸಲು ಶುರುಮಾಡಬೇಕೆಂದಿದ್ದೇನೆ. ಗೇಮಿಂಗ್ ಲ್ಯಾಪ್‌ಟಾಪ್ ಬೇಕೇ ಬೇಕಾ?

ಉತ್ತರ: ಬೇಕಿಲ್ಲ. ಹಾಡು ಬೆಸೆಯುವ ಕೆಲಸ ಹೆಚ್ಚಾಗಿ ಪ್ರೊಸೆಸರ್‌ನದು. ಈಚಿನ ತಲೆಮಾರಿನ ಕೋರ್ ಐ5 ಅಥವಾ ರೈಜೆನ್ 5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದರೆ ಸೆರಾಟೊ, ರೆಕಾರ್ಡ್‌ಬಾಕ್ಸ್, ವರ್ಚುವಲ್ ಡಿಜೆ ತಂತ್ರಾಂಶಗಳಲ್ಲಿ ಯಾವುದೂ ಮುಗ್ಗರಿಸದು. ಹಾಡಿನಿಂದ ದನಿ, ವಾದ್ಯ ಬೇರ್ಪಡಿಸುವ ‘ಸ್ಟೆಮ್ಸ್’ ಬಳಸುವುದಾದರೆ ರ‍್ಯಾಮ್‌ನಲ್ಲಿ ಚೌಕಾಸಿ ಬೇಡ. ಕಂಟ್ರೋಲರ್‌ಗೊಂದು, ಪೆನ್‌ಡ್ರೈವ್‌ಗೊಂದು ಯುಎಸ್‌ಬಿ ಕಿಂಡಿ ಇರಲಿ.

ಕೊಂಡ ಕೂಡಲೇ ‘ಲೇಟೆನ್ಸಿಮಾನ್’ ತಂತ್ರಾಂಶ ಓಡಿಸಿ ನೋಡಿ. ಶಬ್ದ ತುಂಡಾಗಿಸುವ ಡ್ರೈವರ್ ಯಾವುದೆಂದು ತಿಳಿಯುತ್ತದೆ. ಡಿಜೆ ತಂತ್ರಾಂಶದಲ್ಲಿ ಆಡಿಯೊ ಬಫರ್ 512 ಸ್ಯಾಂಪಲ್ ಇಟ್ಟರೆ 44.1 ಕಿಲೋಹರ್ಟ್ಸ್‌ನಲ್ಲಿ ತಡವಾಗುವುದು ಸುಮಾರು 12 ಮಿಲಿಸೆಕೆಂಡ್. ನಡುವೆ ಶಬ್ದ ಕಡಿದರೆ ಅದನ್ನು 1024ಕ್ಕೆ ಏರಿಸಿ. ನುಡಿಸುವಾಗ ವೈಫೈ, ವಿಂಡೋಸ್ ಅಪ್‌ಡೇಟ್ ಬಂದ್. ಹಳ್ಳಿಮನೆಯ ಅಂಗಳದಲ್ಲಿ ನೆಟ್‌ವರ್ಕ್ ನಂಬಬೇಡಿ, ಹಾಡುಗಳು ಲ್ಯಾಪ್‌ಟಾಪ್‌ನಲ್ಲೇ ಇರಲಿ. ಜನರೇಟರ್‌ಗೆ ಬದಲಾಯಿಸುವಾಗ ಕರೆಂಟ್ ಹೋಗುತ್ತದಲ್ಲ, ಆ ಗಳಿಗೆಗೆ ಗಟ್ಟಿ ಬ್ಯಾಟರಿ ಬೇಕು. ಚಾರ್ಜರ್ ಚುಚ್ಚಿದಾಗ ಸ್ಪೀಕರ್ ಗುಂಯ್‌ಗುಟ್ಟಿದರೆ ಮೊದಲು ಅರ್ಥಿಂಗ್ ನೋಡಿಸಿ.

ಉಳಿದ ದುಡ್ಡಿಗೆ ಒಳ್ಳೆಯ ಕಂಟ್ರೋಲರ್ ಕೊಳ್ಳಿ. ಅಂದಹಾಗೆ, ಬಯಲಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಬುಕಿಂಗ್ ಹಿಡಿಯುವಾಗಲೇ ಮನೆಯವರಿಗೆ ಹೇಳಿಬಿಡಿ.