ಗರಾಜಿನ ಚಳಿ, ತಲೆನೋವು ಮತ್ತು ಸೀಸದ ಚರೆ

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಊರು ವಿರಾಜಪೇಟೆ ಕಡೆ, ಈಗ ಕೆಲಸದ ಮೇಲೆ ಅಮೆರಿಕದ ಮಿನ್ನೆಸೋಟದಲ್ಲಿದ್ದೇನೆ. ಕೋವಿಯ ಗೀಳು ಊರಿನಿಂದಲೇ ಬಂದದ್ದು. ಬೇಸಿಗೆಯಲ್ಲಿ ಇಲ್ಲಿ ಟ್ರ್ಯಾಪ್ ಶೂಟಿಂಗ್‌ಗೆ (ಹಾರುವ ಬಿಲ್ಲೆಗೆ ಕೋವಿಯಿಂದ ಗುರಿಯಿಡುವ ಆಟ) ಹೋಗುತ್ತೇನೆ. ಅದಕ್ಕೆ ಬೇಕಾದ ತೋಟಾಗಳನ್ನು ಚಳಿಗಾಲದಲ್ಲಿ ಗರಾಜಿನಲ್ಲಿ ಕೂತು ನಾನೇ ತುಂಬಿಕೊಳ್ಳುತ್ತೇನೆ. ಹೊರಗೆ ಮೈನಸ್ 20 ಡಿಗ್ರಿ ಇರುವುದರಿಂದ ಬಾಗಿಲು ಮುಚ್ಚಿ ಪ್ರೊಪೇನ್ ಹೀಟರ್ ಹಚ್ಚುತ್ತೇನೆ. ಒಂದು ಗಂಟೆಯೊಳಗೆ ತಲೆನೋವು, ವಾಕರಿಕೆ ಶುರುವಾಗುತ್ತದೆ. ಮನೆಯೊಳಗೆ ಬಂದು ಮಲಗಿದರೆ ಕಡಿಮೆಯಾಗುತ್ತದೆ. ಪಲ್ಸ್ ಆಕ್ಸಿಮೀಟರ್ 98 ತೋರಿಸುತ್ತದೆ. ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿಯುತ್ತದೆ. ಇದೆಲ್ಲ ತೋಟಾಕ್ಕೆ ತುಂಬುವ ಚರೆಯ ಸೀಸದ ವಿಷ ಎಂದು ಗೆಳೆಯರು ಹೆದರಿಸಿದ್ದಾರೆ. ತೋಟಾ ತುಂಬುವ ಪ್ರೆಸ್ಸನ್ನು ಮನೆಯೊಳಗೆ ಊಟದ ಮೇಜಿಗೆ ತಂದುಬಿಡಲೇ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಹೆಂಡತಿ ಐದು ತಿಂಗಳ ಗರ್ಭಿಣಿ.

ಉತ್ತರ: ಉಳಿದದ್ದನ್ನು ಆಮೇಲೆ ಓದಿ. ಮೊದಲು ಆ ಹೀಟರನ್ನು ಗರಾಜಿನಿಂದ ಹೊರಗಿಡಿ, ಇವತ್ತೇ.

ನಿಮ್ಮ ತಲೆನೋವಿಗೆ ಸೀಸಕ್ಕಿಂತ ಕಾರ್ಬನ್ ಮೊನಾಕ್ಸೈಡ್ ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು. ಸೀಸದ ತಲೆನೋವು ಗಂಟೆ ನೋಡಿಕೊಂಡು ಬಂದು ಹೋಗುವುದಿಲ್ಲ. ಹೀಟರ್ ಹಚ್ಚಿದ ಮೇಲೆ ಶುರುವಾಗಿ, ಜಾಗ ಬದಲಿಸಿದರೆ ಇಳಿಯುವ ನೋವು ಹೊಗೆಗಾಳಿಯದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು ಕೂರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಯಾವುದು, ಈ ಅನಿಲ ಹೊತ್ತದ್ದು ಯಾವುದು ಎಂಬ ಭೇದ ತಿಳಿಯುವುದಿಲ್ಲ. ಎರಡನ್ನೂ ಸೇರಿಸಿ 98 ಎನ್ನುತ್ತದೆ. ಆ ಅಂಕಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ಗರಾಜು ಮನೆಗೆ ತಾಗಿಕೊಂಡಿದ್ದರೆ ಈ ಗಾಳಿ ಬಾಗಿಲ ಸಂದಿಯಿಂದ ಒಳಗೂ ಬರುತ್ತದೆ. ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಇದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಾಯಿಗೆ ಸಣ್ಣ ತಲೆಸುತ್ತು ಎನ್ನಿಸುವಷ್ಟರಲ್ಲಿ ಮಗುವಿಗೆ ತೊಂದರೆಯಾಗಿರಬಹುದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಮಲಗುವ ಕೋಣೆಗಳ ಹತ್ತಿರ ಒಂದನ್ನು ಹಾಕಿಸಿ. ಇನ್ನೊಮ್ಮೆ ಇಂಥ ತಲೆನೋವು ಬಂದರೆ ಒಳಗೆ ಹೋಗಿ ಮಲಗಬೇಡಿ. ಎಲ್ಲರನ್ನೂ ಕರೆದುಕೊಂಡು ಬಯಲಿಗೆ ಬಂದು 911ಕ್ಕೆ ಫೋನ್ ಮಾಡಿ, ಹೀಟರ್ ವಿಷಯವನ್ನು ಮೊದಲೇ ಹೇಳಿ. ಆಸ್ಪತ್ರೆಯಲ್ಲಿ ಇದಕ್ಕೆಂದೇ ಬೇರೆ ರಕ್ತಪರೀಕ್ಷೆ ಇದೆ. ಶುದ್ಧ ಆಮ್ಲಜನಕ ಕೊಟ್ಟರೆ ಗಂಟೆ, ಒಂದೂವರೆ ಗಂಟೆಯಲ್ಲಿ ಅನಿಲದ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಬರೀ ಗಾಳಿಯಲ್ಲಾದರೆ ನಾಲ್ಕೈದು ಗಂಟೆ ಬೇಕು.

ಬಾಗಿಲನ್ನು ಸ್ವಲ್ಪ ತೆರೆದಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಕೋವಿಮದ್ದಿನ ಡಬ್ಬಿ, ಆ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗಳ ಪೆಟ್ಟಿಗೆ ತೆರೆದಿರುವ ಕೋಣೆಯಲ್ಲಿ ಉರಿಯುವ ಜ್ವಾಲೆ ಇರಲೇಬಾರದು. ಕೆಂಪಗೆ ಕಾಯುವ ತಂತಿಯ ಹೀಟರೂ ಬೇಡ. ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರನ್ನು ಮುಂಚಿತವಾಗಿ ಹಚ್ಚಿಟ್ಟು, ಕೋಣೆ ಬೆಚ್ಚಗಾದ ಮೇಲೆ ಕೆಲಸಕ್ಕೆ ಕೂರಿ. ಅದರಿಂದಲೂ ಗರಾಜು ಬೆಚ್ಚಗಾಗದಿದ್ದರೆ ಆ ದಿನ ಕೆಲಸ ಬಿಡಿ. ಬೇಸಿಗೆಗೆ ಇನ್ನೂ ತಿಂಗಳುಗಳಿವೆ.

ಬೆರಳು ಬೆಳ್ಳಗಾಗುವುದು ಚಳಿಗೆ ರಕ್ತನಾಳ ಸೆಟೆದುಕೊಂಡು. ಬಿಳಿ, ನೀಲಿ, ಆಮೇಲೆ ಉರಿಯೊಂದಿಗೆ ಕೆಂಪು, ಹೀಗೆ ಬಣ್ಣ ಬದಲಾಗುತ್ತಿದ್ದರೆ ಅದು ರೇನಾಡ್ ಎಂಬ ತೊಂದರೆ. ಹೆಚ್ಚಿನವರಿಗೆ ಅಪಾಯವಿಲ್ಲ. ಸಿಗರೇಟು ಸೇದುತ್ತಿದ್ದರೆ ಬಿಡಿ. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಬೆರಳ ತುದಿಯಲ್ಲಿ ಹುಣ್ಣಾದರೆ ತಡಮಾಡದೆ ತೋರಿಸಿ. ನನಗೆ ಹೆಚ್ಚು ಚಿಂತೆಯಿರುವುದು ಆ ಜೋಮಿನ ಕೈ ಮಾಡುವ ಕೆಲಸದ ಬಗ್ಗೆ. ಪ್ರೈಮರ್ ಓರೆಯಾಗಿ ಕೂತಾಗ ಪ್ರೆಸ್ಸಿನ ಹಿಡಿ ಸ್ವಲ್ಪ ಬಿಗಿಯಾಗುತ್ತದೆ. ಬೆಚ್ಚಗಿನ ಕೈಗೆ ಅದು ಥಟ್ಟನೆ ತಿಳಿಯುತ್ತದೆ, ಮರಗಟ್ಟಿದ ಕೈ ಮಾತ್ರ ಇನ್ನಷ್ಟು ಒತ್ತುತ್ತದೆ. ಪ್ರೈಮರ್ ಸಿಡಿದರೆ ಮೊದಲ ಏಟು ಕಣ್ಣಿಗೆ. ಕನ್ನಡಕ ಮಂಜಾಗುತ್ತದೆಂದು ತೆಗೆದಿಡುವವರಿದ್ದಾರೆ. ದಯವಿಟ್ಟು ತೆಗೆಯಬೇಡಿ, ಮಂಜು ಹಿಡಿಯದ ರಕ್ಷಾ ಕನ್ನಡಕವನ್ನೇ ಕೊಳ್ಳಿ.

ಈಗ ಸೀಸ. ತಲೆನೋವಿನ ಮಟ್ಟಿಗೆ ಗೆಳೆಯರ ಮಾತು ತಪ್ಪಿರಬಹುದು, ಭಯ ಮಾತ್ರ ನಿಜ. ಮಾಮೂಲಿ 12 ಬೋರಿನ ಒಂದು ತೋಟಾಕ್ಕೆ ಸುಮಾರು 32 ಗ್ರಾಂ ಚರೆ ಹಿಡಿಯುತ್ತದೆ. ಒಂದು ಸಂಜೆ ನೂರು ತುಂಬಿದರೆ ಮೂರು ಕಿಲೋಗೂ ಮೀರಿ ಸೀಸ ನಿಮ್ಮ ಮೇಜಿನ ಮೇಲೆ ಹಾದುಹೋಗುತ್ತದೆ. ಹಾರಿಸಿದ ಖಾಲಿ ತೋಟಾದಿಂದ ಹಳೆಯ ಪ್ರೈಮರ್ ಹೊರಗೆ ತಳ್ಳುವಾಗ ಉದುರುವ ನಯವಾದ ಬೂದಿ ಇನ್ನೂ ಕೆಟ್ಟದ್ದು. ಪ್ರೈಮರ್ ಮದ್ದಿನಲ್ಲೇ ಸೀಸದ ಸಂಯುಕ್ತವಿರುವುದು ಸಾಮಾನ್ಯ. ಚರೆಯ ಸೀಸ ಚರ್ಮದ ಮೂಲಕ ಅಷ್ಟಾಗಿ ಒಳಗಿಳಿಯುವುದಿಲ್ಲ. ಅದು ಹೋಗುವುದು ಬಾಯಿಯಿಂದ, ಮೂಗಿನಿಂದ. ಚಳಿಗೆಂದು ಪಕ್ಕದಲ್ಲಿಟ್ಟುಕೊಂಡ ಕಾಫಿ ಲೋಟದ ಅಂಚನ್ನು ಹಿಡಿಯುವುದು ಅದೇ ಕಪ್ಪು ಹತ್ತಿದ ಬೆರಳು ತಾನೇ? ಅಲ್ಲಿ ಕಾಫಿ, ಕುರುಕಲು, ಸಿಗರೇಟು ಯಾವುದೂ ಬೇಡ. ತೆಳು ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಪೊರಕೆಯಲ್ಲಿ ಗುಡಿಸಿದರೆ, ಮಾಮೂಲಿ ವ್ಯಾಕ್ಯೂಮ್ ಹಾಕಿದರೆ ಧೂಳು ಎದ್ದು ಉಸಿರಿಗೆ ಸೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಸೀಸ ತೊಳೆಯಲೆಂದೇ ಸಿಗುವ ಸೋಪಿನಿಂದ ತಿಕ್ಕಿ ತೊಳೆಯಿರಿ.

ಊಟದ ಮೇಜಿಗೆ ತರಲೇ ಎಂದಿರಿ. ಖಂಡಿತ ಬೇಡ. ಎರಡು ವರ್ಷದ ಮಗು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಚರೆ ಕಾಳೊಂದು ಸಿಕ್ಕರೆ ಅದನ್ನೂ. ಮಕ್ಕಳ ಕರುಳು ದೊಡ್ಡವರಿಗಿಂತ ಹೆಚ್ಚು ಸೀಸ ಹೀರುತ್ತದೆ, ಅದು ಬೆಳೆಯುವ ಮಿದುಳಿಗೆ ಮಾಡುವ ಹಾನಿಯನ್ನು ಸರಿಪಡಿಸಲು ಆಗುವುದಿಲ್ಲ. ಬೇಸ್‌ಮೆಂಟಿನಲ್ಲಿ ಬಾಗಿಲಿಗೆ ಬೀಗವಿರುವ, ಕಾರ್ಪೆಟ್ ಇಲ್ಲದ, ಗಾಳಿ ನೇರ ಹೊರಗೆ ಹೋಗುವ ಪ್ರತ್ಯೇಕ ಕೋಣೆಯಿದ್ದರೆ ಯೋಚಿಸಬಹುದು. ಇಲ್ಲವಾದರೆ ಗರಾಜೇ ವಾಸಿ.

ನೀವು, ನಿಮ್ಮ ಹೆಂಡತಿ, ಮಗಳು ಮೂವರೂ ರಕ್ತದ ಸೀಸ ಪರೀಕ್ಷೆ ಮಾಡಿಸಿ. ನಿಮ್ಮದನ್ನು ತೋಳಿನ ರಕ್ತನಾಳದಿಂದಲೇ ತೆಗೆಸಿ. ಬೆರಳಿಗೆ ಚುಚ್ಚಿದರೆ ಚರ್ಮದ ಮೇಲಿನ ಸೀಸವೂ ಸೇರಿ ಅಂಕಿ ಏರುತ್ತದೆ. ಮಕ್ಕಳ ವಿಷಯದಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಗಮನ ಕೊಡಬೇಕಾದ ಮಟ್ಟವನ್ನು 2021ರಲ್ಲಿ ಡೆಸಿಲೀಟರಿಗೆ 5ರಿಂದ 3.5 ಮೈಕ್ರೋಗ್ರಾಂಗೆ ಇಳಿಸಿತು. ಅದಕ್ಕಿಂತ ಕಡಿಮೆಯಿದ್ದರೆ ಕ್ಷೇಮ ಎಂದು ಅರ್ಥವಲ್ಲ, ಮಕ್ಕಳಿಗೆ ಕ್ಷೇಮವಾದ ಮಟ್ಟವೇ ಇಲ್ಲ. ಸೀಸ ಇಳಿಸುತ್ತದೆಂದು ಮಾರುವ ಪುಡಿ, ಹನಿಗಳನ್ನು ಕೊಡಬೇಡಿ. ಸೀಸ ಇಳಿಸುವ ಔಷಧ ಮಕ್ಕಳಿಗೆ ಸಾಮಾನ್ಯವಾಗಿ ಬೇಕಾಗುವುದು ಅಂಕಿ 45 ತಲುಪಿದರೆ. ಅಲ್ಲಿಯವರೆಗೆ ಮೂಲ ಹುಡುಕಿ ನಿಲ್ಲಿಸುವುದೇ ಚಿಕಿತ್ಸೆ.

ಪ್ರಶ್ನೆ (ಅದೇ ಪತ್ರದಲ್ಲಿ ಅವರ ಪತ್ನಿ): ಇವರ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಮಷೀನಿಗೆ ಹಾಕುತ್ತಿದ್ದೇನೆ. ಪರವಾಗಿಲ್ಲವೇ? ಮುಂದೆ ಹಾಲೂಡಿಸಬಹುದೇ?

ಉತ್ತರ: ಬೇರೆಯಾಗಿಯೇ ಹಾಕಿ, ಆಮೇಲೆ ಮಷೀನನ್ನು ಒಮ್ಮೆ ಖಾಲಿ ಓಡಿಸಿ. ಸಾಧ್ಯವಾದರೆ ಅವರ ಬಟ್ಟೆಯನ್ನು ಅವರೇ ಒಗೆದುಕೊಳ್ಳಲಿ, ನೀವು ಕೊಡವಬೇಡಿ. ಗರಾಜಿಗೆಂದೇ ಒಂದು ಅಂಗಿ, ಒಂದು ಜೊತೆ ಚಪ್ಪಲಿ ಅಲ್ಲೇ ಇರಲಿ. ಮಗಳನ್ನು ಎತ್ತಿಕೊಳ್ಳುವ ಮೊದಲು ಅವರು ಸ್ನಾನ ಮಾಡಲಿ. ದೇಹ ಸೇರಿದ ಸೀಸ ಮೂಳೆಯಲ್ಲಿ ದಶಕಗಟ್ಟಲೆ ಉಳಿದು ಬಸಿರಿನಲ್ಲಿ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ನಿಮ್ಮ ಪ್ರಸೂತಿ ವೈದ್ಯರಿಗೆ ಈ ವಾರವೇ ವಿಷಯ ತಿಳಿಸಿ, ಹೀಟರಿನದ್ದೂ ಸೇರಿಸಿ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೆ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ವೈದ್ಯರು ಕೊಟ್ಟ ಮಾತ್ರೆ ತಪ್ಪಿಸಬೇಡಿ, ರಾಗಿ, ಹಾಲು, ಸೊಪ್ಪು ಊಟದಲ್ಲಿರಲಿ. ಹಾಲೂಡಿಸುವ ಬಗ್ಗೆ ಈಗಲೇ ಚಿಂತೆ ಬೇಡ. ಸೀಸದ ಮಟ್ಟ ತೀರಾ ಹೆಚ್ಚಿದ್ದರೆ ಮಾತ್ರ ಅದನ್ನು ನಿಲ್ಲಿಸಲು ಹೇಳುತ್ತೇವೆ. ನಿಮ್ಮ ಮೂವರ ವರದಿ ಬಂದ ಮೇಲೆ ನನಗೆ ಬರೆಯಿರಿ.