ಡಿಕ್ಕಿಯ ತಳದ ಸಣ್ಣ ಸ್ಟೆಪ್ನಿ

ಹುಮನಾಬಾದಿನಿಂದ ಬಸವಕಲ್ಯಾಣದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ವರ್ಷಾನುಗಟ್ಟಲೆ ಓಡಾಡುತ್ತ ಬಂದಿರುವ ನನಗೆ, ವಾಹನದ ಲೆಕ್ಕಪುಸ್ತಕದಲ್ಲಿ ಪೆಟ್ರೋಲಿಗೂ ವಿಮೆಗೂ ಸರ್ವೀಸಿಗೂ ಇರುವಂತೆಯೇ ಡಿಕ್ಕಿಯ ತಳದಲ್ಲಿ ಮಲಗಿರುವ ಸಣ್ಣ ಸ್ಟೆಪ್ನಿಗೂ ಒಂದು ಸಾಲು ಮೀಸಲಾಗಿರಬೇಕೆಂಬ ನಂಬಿಕೆ ದೃಢವಾಗಿದೆ. ಪೂರ್ಣ ಗಾತ್ರದ ಐದನೆಯ ಚಕ್ರವಾದರೆ, ಅದನ್ನು ಉಳಿದ ನಾಲ್ಕರೊಡನೆ ಸರದಿಯಂತೆ ಬಳಸಿ ಕೊಟ್ಟ ಬೆಲೆಯನ್ನು ಓಟದಲ್ಲಿಯೇ ಹಿಂಪಡೆಯಬಹುದು. ಕಿರುಗಾತ್ರದ್ದಕ್ಕೆ ಆ ಯೋಗವಿಲ್ಲ. ಒಂದು ಮೈಲಿಯೂ ಓಡದೆ, ಕೇವಲ ಕಾಲದಿಂದಲೂ ಕಾವಿನಿಂದಲೂ ಅದರ ರಬ್ಬರು ಗಡುಸಾಗುತ್ತದೆ. ಬೀದರ ಜಿಲ್ಲೆಯ ಬೇಸಗೆಯಲ್ಲಿ ಮುಚ್ಚಿದ ಡಿಕ್ಕಿಯ ಧಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಖ್ಯವಾದುದು ಹವಾ. ಸಾಮಾನ್ಯ ಚಕ್ರಗಳಿಗೆ 30ರಿಂದ 35 ಪಿಎಸ್‌ಐ ಸಾಕಾದರೆ, ಪಕ್ಕೆಯಲ್ಲಿ ‘ಟಿ’ ಎಂಬ ಇಂಗ್ಲಿಷ್ ಅಕ್ಷರದಿಂದ ಮೊದಲಾಗುವ ಗುರುತುಳ್ಳ ತಾತ್ಕಾಲಿಕ ಟೈರಿಗೆ, ಅಲ್ಪ ಅಗಲದಲ್ಲಿಯೇ ಗಾಡಿಯ ಭಾರವನ್ನು ಹೊರಬೇಕಾದ ಕಾರಣ, ಸಾಮಾನ್ಯವಾಗಿ 60 ಬೇಕು. ಹುಮನಾಬಾದಿನ ಪಂಕ್ಚರ್ ಅಂಗಡಿಯೊಂದರಲ್ಲಿ ನಾನು ಈ ಅಂಕಿಯನ್ನು ಹೇಳಿದಾಗ ಕಂಪ್ರೆಸರಿನ ಪೈಪು ಹಿಡಿದಿದ್ದ ಹುಡುಗ, “ಇಷ್ಟ್ ಸಣ್ಣ ಗಾಲಿಗಿ ಅರವತ್ತಾ? ಒಡಿತದ್ರೀ ಸರ್” ಎಂದು ಕೈ ಹಿಂದೆಗೆದನು. ಪಕ್ಕೆಯ ಧೂಳನ್ನು ಒರೆಸಿ ಅಚ್ಚೊತ್ತಿದ ಅಂಕಿಯನ್ನು ತೋರಿಸಿದ ಬಳಿಕ, ತಾನೇ ಬಾಗಿ ಓದಿಕೊಂಡು, ನಡುನಡುವೆ ನಿಲ್ಲಿಸಿ ಗೇಜು ನೋಡುತ್ತ ತುಂಬಿದನು. ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಸೋರಿಹೋಗುವುದು ಟೈರಿನ ಸಹಜಗುಣವಾದುದರಿಂದ, ಮೂರು ವರ್ಷ ಮುಟ್ಟದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಹವಾ ಹೋಗಿರುತ್ತದೆ. ಹವಾ ತುಂಬಿಸುವ ಖರ್ಚಾದರೋ ಒಂದು ಚಹಾದ ಬೆಲೆಯ ಆಸುಪಾಸು.

ಹಳೆಯ ಕಾರು ಕೊಳ್ಳುವವರು ಚೌಕಾಶಿಗೆ ಮುನ್ನ ಸ್ಟೆಪ್ನಿಯನ್ನು ಹೊರತೆಗೆಸಿ ನೋಡುವುದು ಲೇಸು. ಪಕ್ಕೆಯಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಹತ್ತು ವರ್ಷ ದಾಟಿದುದನ್ನು, ಮುಳ್ಳುಗಳು ಹೊಸದರಂತಿದ್ದರೂ, ಬದಲಿಸಬೇಕೆಂದು ಹಲವು ತಯಾರಕರ ಸೂಚನೆ. ಹೊಸ ಟೈರಿನ ಮೊತ್ತವನ್ನು ಕಾರಿನ ಬೆಲೆಯಲ್ಲಿ ಕಳೆಯಿರೆಂದು ಕೇಳಲು ಸಂಕೋಚ ಬೇಡ. ಗಾಡಿಯ ಬೇರಾವ ಭಾಗಕ್ಕೂ ಪೆಟ್ಟಾಗದೆ ಟೈರೊಂದೇ ಹಾಳಾದರೆ ಸಾಧಾರಣ ವಿಮೆ ಅದಕ್ಕೆ ಹಣ ಕೊಡುವುದಿಲ್ಲವೆಂಬುದೂ ನೆನಪಿರಲಿ. ಹವೆಯ ಒತ್ತಡ ತೋರಿಸುವ ಉಪಕರಣವೂ ಪಂಕ್ಚರ್ ಕಿಟ್ಟೂ ಇರುವ ಕಾರುಗಳಿಗೆ ಸ್ಟೆಪ್ನಿಯೇ ಬೇಡವೆಂದು 2020ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು. ಆದರೆ ಪಕ್ಕೆ ಸೀಳಿದ ಟೈರಿಗೆ ಆ ಕಿಟ್ಟಿನ ಅಂಟು ನಿಲ್ಲದು, ನನ್ನ ಆಯ್ಕೆ ಇಂದಿಗೂ ಸ್ಟೆಪ್ನಿಯೇ.

ಸ್ಟೆಪ್ನಿಯನ್ನು ಇಡುವ ಕ್ರಮ ಸರಳ. ಮಳೆಗಾಲದಲ್ಲಿ ಗುಂಡಿಗೆ ಇಳಿದ ನೀರನ್ನು ಒರೆಸಬೇಕು, ಇಲ್ಲವಾದರೆ ರಿಮ್ಮಿಗೆ ತುಕ್ಕು ತಪ್ಪದು. ಹೊಲಕ್ಕೆ ಒಯ್ಯುವ ಕ್ರಿಮಿನಾಶಕದ ಡಬ್ಬಿ, ಡೀಸೆಲ್ ಕ್ಯಾನು ಅದರ ಬಳಿ ಕೂಡದು. ಮನೆಯಲ್ಲಿ ತೆಗೆದಿಟ್ಟರೆ ನೆರಳಿನಲ್ಲಿ, ನೀರೆತ್ತುವ ಮೋಟಾರಿನಿಂದ ದೂರವಿರಲಿ. ಅದರಿಂದ ಹೊಮ್ಮುವ ಓಝೋನು ರಬ್ಬರನ್ನು ಸೀಳುತ್ತದೆ.

ಮುಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಮುಂದಿನದೇ ಪಂಕ್ಚರಾದರೆ, ಹಿಂದಿನದೊಂದನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದಕ್ಕೆ ಹಾಕುವುದು ಜಾಣತನ. ಅಳತೆ ಬೇರೆಯಾದ ಚಕ್ರವನ್ನು ಮುಂದೆ ಹಾಕಿಕೊಂಡು, ಸ್ಟೆಪ್ನಿಗಿರುವ ಗಂಟೆಗೆ 80 ಕಿ.ಮೀ. ವೇಗಮಿತಿಯನ್ನೂ ಮರೆತು ಸೊಲ್ಲಾಪುರದವರೆಗೆ ಓಡಿಸಿದರೆ ಡಿಫರೆನ್ಷಿಯಲ್ ಸವೆಯುತ್ತದೆ. ಅದರ ದುರಸ್ತಿಯ ಬಿಲ್ಲಿನ ಮುಂದೆ ಪಂಕ್ಚರಿನ ಕೂಲಿ ಲೆಕ್ಕಕ್ಕೇ ಬಾರದು.