ಮಾವಿನ ಹಣ್ಣಿನ ಚಾರ್ಟ್ ಮತ್ತು ಬಹುಪದೋಕ್ತಿಗಳ ಸಂಕಲನ

ಒಂಬತ್ತನೆಯ ತರಗತಿಯ ‘ಬಹುಪದೋಕ್ತಿಗಳು’ ಘಟಕಕ್ಕೆ ಬೋಧನಾಭ್ಯಾಸದ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಚಾರ್ಟ್ ತರುತ್ತಾರೆ. ಅದರಲ್ಲಿ ಮೂರು ಮಾವು, ಎರಡು ಮಾವು, ಪಕ್ಕದಲ್ಲಿ ನಾಲ್ಕು ಬಾಳೆ ಇರುತ್ತವೆ. “ಮಾವಿಗೆ ಮಾವನ್ನು ಕೂಡಬಹುದು, ಮಾವಿಗೆ ಬಾಳೆಯನ್ನು ಕೂಡಲಾಗದು. ಹಾಗೆಯೇ ಸಜಾತಿ ಪದಗಳನ್ನು ಮಾತ್ರ ಕೂಡಬೇಕು” ಎನ್ನುತ್ತಾರೆ. ಮಕ್ಕಳು ತಲೆಯಾಡಿಸುತ್ತಾರೆ. ಆದರೆ ಮೌಲ್ಯಮಾಪನದ ಹಂತದಲ್ಲಿ 3ಯ + 2ಯ² ಎಂದು ಕೊಟ್ಟೊಡನೆ ಹಲವು ನೋಟುಪುಸ್ತಕಗಳಲ್ಲಿ 5ಯ³ ಕಾಣಿಸಿಕೊಳ್ಳುತ್ತದೆ. (ಪಠ್ಯಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ಇರುವಲ್ಲಿ ಈ ಲೇಖನದಲ್ಲಿ ‘ಯ’ ಎಂದು ಬರೆದಿದೆ.) ‘ಮಕ್ಕಳು ಗಮನವಿಟ್ಟು ಕೇಳಲಿಲ್ಲ’ ಎಂಬ ಷರಾದೊಂದಿಗೆ ಪಾಠ ಮುಗಿಯುತ್ತದೆ. ಮಕ್ಕಳು ಕೇಳಿದ್ದಾರೆ. ತೊಂದರೆ ಇರುವುದು ಮಾವಿನ ಹಣ್ಣಿನಲ್ಲಿ.

ಹೇಗೆಂದು ನೋಡೋಣ. ಚಾರ್ಟಿನಲ್ಲಿ ‘ಯ’ ಎಂಬುದು ಒಂದು ವಸ್ತುವಿನ ಹೆಸರು. 3ಯ ಎಂದರೆ ಮೂರು ಮಾವು. ಬೀಜಗಣಿತದಲ್ಲಿ 3ಯ ಎಂದರೆ ಯಾವುದೋ ಒಂದು ಸಂಖ್ಯೆಯ ಮೂರರಷ್ಟು. ಇಂಗ್ಲೆಂಡಿನ ಶಾಲಾ ಮಕ್ಕಳ ಬೀಜಗಣಿತದ ತಿಳಿವಳಿಕೆಯನ್ನು ಕುರಿತು 1981ರಲ್ಲಿ ಬರೆದ ಡೀಟ್ಮಾರ್ ಕ್ಯೂಷೆಮನ್, ಅಕ್ಷರವನ್ನು ಸಂಖ್ಯೆಯಾಗಿ ಕಾಣದೆ ವಸ್ತುವಾಗಿ ಕಾಣುವುದನ್ನು ಒಂದು ಪ್ರತ್ಯೇಕ ಬಗೆಯೆಂದೇ ಗುರುತಿಸಿದ್ದಾರೆ. ವಸ್ತುವೆಂದು ತಿಳಿದ ಮಗುವಿಗೆ ಯ² ಏನು? ಮಾವಿನ ವರ್ಗವೆಂಬುದು ಇಲ್ಲ. ಚಾರ್ಟ್ ಅಲ್ಲಿಗೆ ಕೈಬಿಡುತ್ತದೆ. ಆಗ ಮಗು ತನಗೆ ಗೊತ್ತಿರುವ ಇನ್ನೊಂದು ನಿಯಮವನ್ನು, ಅಂದರೆ ಗುಣಿಸುವಾಗ ಘಾತಸೂಚಿಗಳನ್ನು ಕೂಡುವ ನಿಯಮವನ್ನು ತಂದು ಸೇರಿಸುತ್ತದೆ. 3 ಮತ್ತು 2 ಸೇರಿ 5, 1 ಮತ್ತು 2 ಸೇರಿ 3. ಹಾಗಾಗಿ 5ಯ³ ಅಜಾಗರೂಕತೆಯ ಫಲವಲ್ಲ; ಎರಡು ಸರಿಯಾದ ನಿಯಮಗಳು ತಪ್ಪು ಜಾಗದಲ್ಲಿ ಜೊತೆಯಾದದ್ದು. ಇನ್ನೂ ಒಂದು ಮಾತು: ಮಾವು, ಬಾಳೆ ಕೂಡಿದರೆ ‘ಹಣ್ಣು’ ಆಗುತ್ತದಲ್ಲ ಎಂದು ಚುರುಕಾದ ಮಗು ಕೇಳಿದರೆ ಉತ್ತರಿಸುವುದು ಕಷ್ಟ. 3ಯ + 2ಕ = 5ಯಕ ಎಂದು ಬರೆಯುವ ಮಗು ಮಾಡುವುದೂ ಬಹುಶಃ ಅದನ್ನೇ.

ಇದಕ್ಕಿಂತ ಗಟ್ಟಿಯಾದ ಆಧಾರ ಮಕ್ಕಳ ಬಳಿ ಮೂರನೆಯ ತರಗತಿಯಿಂದಲೇ ಇದೆ: ಸ್ಥಾನಬೆಲೆ. 325ಕ್ಕೆ 142 ಕೂಡುವಾಗ ನೂರರ ಸ್ಥಾನದ 3ನ್ನು ಹತ್ತರ ಸ್ಥಾನದ 4ರೊಂದಿಗೆ ಯಾರೂ ಕೂಡುವುದಿಲ್ಲ. ಇದನ್ನೇ ಕಪ್ಪುಹಲಗೆಯ ಮೇಲೆ ಬಿಡಿಸಿ ಬರೆಯಿಸಿ, 10 ಇರುವಲ್ಲೆಲ್ಲ ‘ಯ’ ಬರೆಯಲು ಹೇಳಬೇಕು:

3ಯ² + 2ಯ + 5
1ಯ² + 4ಯ + 2
ಮೊತ್ತ: 4ಯ² + 6ಯ + 7

ಯ = 10 ಆದಾಗ ಇದು 467. ಸಜಾತಿ ಪದವೆಂದರೆ ಒಂದೇ ಸ್ಥಾನದ ಪದ. ಅಂದರೆ ಅದೇ ಚರಾಕ್ಷರ, ಅದೇ ಘಾತಸೂಚಿ. ವ್ಯಾಖ್ಯೆಯನ್ನು ಇದಾದ ಮೇಲೆ ಕೊಟ್ಟರೆ ಸಾಕು.

ಇಲ್ಲಿಯೇ ನಿಲ್ಲಿಸದೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಮಕ್ಕಳಿಂದ ಹೇಳಿಸಬೇಕು. ಈ ಪಾಠದ ಜೀವಾಳ ಅದೇ ಎಂದು ನನ್ನ ಅಭಿಪ್ರಾಯ. 28 + 37 ಕೊಡಿ. ಮಕ್ಕಳು 8ಕ್ಕೆ 7 ಕೂಡಿ, 5 ಬರೆದು, ದಶಕ ಒಂದನ್ನು ಎಡಕ್ಕೆ ಒಯ್ಯುತ್ತಾರೆ. ಈಗ (2ಯ + 8) + (3ಯ + 7) ಕೊಡಿ. ಉತ್ತರ 5ಯ + 15. ಇಲ್ಲಿ ದಶಕ ಒಯ್ಯುವುದಿಲ್ಲವೇಕೆ? ಹತ್ತು ಬಿಡಿಗಳು ಸೇರಿ ಒಂದು ‘ಯ’ ಆಗುವುದು ಯ = 10 ಆಗಿದ್ದಾಗ ಮಾತ್ರ. ‘ಯ’ ಎಂದರೆ 4 ಆಗಬಹುದು, 100 ಆಗಬಹುದು. ಬೆಲೆ ಗೊತ್ತಿಲ್ಲದಿರುವಾಗ ಒಂದು ಸ್ಥಾನದಿಂದ ಇನ್ನೊಂದು ಸ್ಥಾನಕ್ಕೆ ಚಿಲ್ಲರೆ ಮಾಡಿಕೊಡುವಂತಿಲ್ಲ. 10 ಹಾಕಿ ನೋಡಿದರೆ 50 + 15 = 65 ಬಂದೇ ಬರುತ್ತದೆ. ಈ ಕಾರಣವನ್ನು ತನ್ನ ಮಾತಿನಲ್ಲಿ ಹೇಳಿದ ಮಗುವಿಗೆ ವಿಜಾತಿ ಪದಗಳು ಏಕೆ ಸೇರುವುದಿಲ್ಲ ಎಂಬುದು ತಾನಾಗಿ ತಿಳಿದಿರುತ್ತದೆ.

ಪದ ಬಿಟ್ಟುಹೋದ ಬಹುಪದೋಕ್ತಿಗಳಿಗೂ ಇದೇ ದಾರಿ. 405ರಲ್ಲಿ ಸೊನ್ನೆ ಬರೆಯುವಂತೆ ಇಲ್ಲಿಯೂ ಸೊನ್ನೆ ಸಹಗುಣಕವನ್ನು ಬರೆಯಿಸಬೇಕು:

4ಯ³ + 0ಯ² − 2ಯ + 7
1ಯ³ + 5ಯ² + 0ಯ − 3
ಮೊತ್ತ: 5ಯ³ + 5ಯ² − 2ಯ + 4

ಚಿಹ್ನೆ ಅದರ ಬಲಗಡೆಯ ಪದಕ್ಕೆ ಸೇರಿದ್ದು ಎಂಬುದನ್ನು ಇಲ್ಲಿ ಒಮ್ಮೆ ತೋರಿಸಿದರೆ ಆಯಿತು.

ಇನ್ನು ತಾಳೆ ನೋಡುವುದು. ಮಕ್ಕಳಿಗೆ ‘ಯ’ ಬದಲು ಸಂಖ್ಯೆ ಹಾಕಿ ಪರೀಕ್ಷಿಸುವ ಅಭ್ಯಾಸ ಬರಬೇಕು, ಆದರೆ ಯಾವ ಸಂಖ್ಯೆ ಎಂಬುದು ಮುಖ್ಯ. 0 ಹಾಕಿದರೆ 3ಯ + 2ಯ² ಮತ್ತು 5ಯ³ ಎರಡೂ 0. 1 ಹಾಕಿದರೆ ಎರಡೂ 5. ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. 2ರಲ್ಲಿಯೂ ಯ² ಮತ್ತು 2ಯ ಒಂದೇ ಆಗಿಬಿಡುತ್ತವೆ. 3 ಒಳ್ಳೆಯದು: ಮೊದಲನೆಯದು 27, ಎರಡನೆಯದು 135. ಮೇಲಿನ ಲೆಕ್ಕದಲ್ಲಿ 109 ಮತ್ತು 69 ಸೇರಿ 178. ಮೊತ್ತದ ಸಾಲಿನಲ್ಲಿಯೂ 178. ತಪ್ಪು ಉತ್ತರವನ್ನು ಯಾರದೆಂದು ಹೇಳದೆ ಹಲಗೆಯ ಮೇಲೆ ಬರೆದು, ‘ಇದು ಸರಿಯೋ ಎಂದು 3 ಹಾಕಿ ನೋಡಿ’ ಎಂದರೆ ಶಿಕ್ಷಕರು ತಪ್ಪೆಂದು ಹೇಳುವ ಅಗತ್ಯವೇ ಬೀಳುವುದಿಲ್ಲ.

ಮಕ್ಕಳನ್ನು ಕಾಡುವ ಮತ್ತೊಂದು ಸಂಗತಿ: 5ಯ + 15 ಅವರಿಗೆ ಅರ್ಧಕ್ಕೆ ನಿಂತ ಲೆಕ್ಕದಂತೆ ಕಾಣುತ್ತದೆ. ಒಂದೇ ಪದ ಬರುವವರೆಗೆ ಕೂಡುತ್ತಲೇ ಇರಬೇಕೆಂದು 20ಯ ಮಾಡಿಬಿಡುತ್ತಾರೆ. 1150ರ ‘ಬೀಜಗಣಿತ’ ಗ್ರಂಥದಲ್ಲಿ ಭಾಸ್ಕರಾಚಾರ್ಯರು ಸಮಾನ ಜಾತಿಯವುಗಳಿಗೆ ಕೂಡುವ, ಕಳೆಯುವ ಕ್ರಿಯೆಯನ್ನು ಹೇಳಿ, ಬೇರೆ ಜಾತಿಯವು ಪ್ರತ್ಯೇಕವಾಗಿ ನಿಲ್ಲುತ್ತವೆ ಎನ್ನುತ್ತಾರೆ. ನಾವು ಬಳಸುವ ‘ಸಜಾತಿ’ ಎಂಬ ಮಾತೂ ಆ ಪರಂಪರೆಯದೇ. ಅವರ ಬರವಣಿಗೆಯಲ್ಲಿ ಅವ್ಯಕ್ತಕ್ಕೆ ‘ಯಾವತ್ತಾವತ್’ ಎಂಬುದರ ಮೊದಲಕ್ಷರ ‘ಯಾ’, ತಿಳಿದ ಸಂಖ್ಯೆಗೆ ‘ರೂ’. ನಮ್ಮ 5ಯ + 15 ಅಲ್ಲಿ ‘ಯಾ 5 ರೂ 15’. ನಡುವೆ ಕೂಡುವ ಚಿಹ್ನೆಯೇ ಇಲ್ಲ. ಪಕ್ಕಪಕ್ಕದಲ್ಲಿ ನಿಂತಿರುವುದೇ ಮೊತ್ತ. ಇದನ್ನು ಎರಡು ನಿಮಿಷದಲ್ಲಿ ಹೇಳಬಹುದು. ಇತಿಹಾಸದ ಅಲಂಕಾರಕ್ಕಾಗಿ ಅಲ್ಲ, ‘ಇಲ್ಲಿಗೆ ಲೆಕ್ಕ ಮುಗಿಯಿತು’ ಎಂಬ ಧೈರ್ಯ ಮಕ್ಕಳಿಗೆ ಬರಲೆಂದು.

ಬೋಧನೋಪಕರಣ ಬೇಕೇ ಬೇಕೆಂದರೆ ರಟ್ಟಿನ ತುಂಡುಗಳು ಹಣ್ಣಿನ ಚಿತ್ರಕ್ಕಿಂತ ಮೇಲು: ‘ಯ’ ಬಾಹುವಿನ ಚೌಕ ಯ², ಅದೇ ಉದ್ದ ಮತ್ತು 1 ಅಗಲದ ಪಟ್ಟಿ ಯ, ಪುಟ್ಟ ಚೌಕ 1. ಪಟ್ಟಿಯ ಉದ್ದ ಪುಟ್ಟ ಚೌಕದ ಬಾಹುವಿನ ಪೂರ್ಣ ಗುಣಕವಾಗದಂತೆ ಕತ್ತರಿಸಿ. ಇಲ್ಲವಾದರೆ ಮಕ್ಕಳು ಅಳೆದು ‘ಯ ಎಂದರೆ 6’ ಎಂದುಬಿಡುತ್ತಾರೆ.

ಇಲ್ಲಿ ಮೇಲ್ವಿಚಾರಕರ ಪಾಲೂ ಇದೆ. ಅವಲೋಕನ ನಮೂನೆಯಲ್ಲಿ ಬಣ್ಣದ ಚಾರ್ಟಿಗೆ ಅಂಕ ಸಿಗುತ್ತದೆ. ಹಲಗೆಯ ಮೇಲೆ 3 ಹಾಕಿ ತಾಳೆ ನೋಡಿಸಿದ್ದಕ್ಕೆ ಕಾಲಂ ಇರುವುದಿಲ್ಲ. ಹೀಗಿರುವಾಗ ಪ್ರಶಿಕ್ಷಣಾರ್ಥಿ ಮಾವನ್ನೇ ತರುತ್ತಾನೆ. ಕೊನೆಯ ಹತ್ತು ನಿಮಿಷ ಹಿಂದಿನ ಬೆಂಚಿನಿಂದ ಎದ್ದು ನಾಲ್ಕಾರು ನೋಟುಪುಸ್ತಕಗಳನ್ನು ನೋಡಿದರೆ ಪಾಠ ಎಲ್ಲಿ ತಲುಪಿದೆ ಎಂಬುದು ತಿಳಿಯುತ್ತದೆ.

ಆ ಹತ್ತು ನಿಮಿಷಕ್ಕೆ ಒಂದೇ ಪ್ರಶ್ನೆ ಸಾಕು: ‘ಯ² ಇರುವ ಎರಡು ಬಹುಪದೋಕ್ತಿಗಳನ್ನು ಬರೆಯಿರಿ, ಅವುಗಳ ಮೊತ್ತ ಯ + 4 ಆಗಬೇಕು.’ 3ಯ² + ಯ ಮತ್ತು −3ಯ² + 4 ಎಂದು ಬರೆದವರು, ಕೂಡಿದಾಗ ಡಿಗ್ರಿ ಇಳಿಯಬಹುದೆಂಬುದನ್ನೂ ಹೇಳದೆಯೇ ಕಂಡುಕೊಂಡಿದ್ದಾರೆ. ‘ಸಾಧ್ಯವೇ ಇಲ್ಲ’ ಎಂದು ಬರೆದವರಿಂದ ಮರುದಿನದ ಪಾಠವನ್ನು ಆರಂಭಿಸಬಹುದು.